ಹಾಲಿನ ಸೂತ್ರಕ್ಕೆ ಬೀಗ ಯಾಕೆ?

ಡೇರಿಗೆ ಹಾಲು ಹಾಕುವವರ ಕೈಗೆ ದಿನಾ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು, ದುಡ್ಡು ಎಷ್ಟು. ಎಲ್ಲ ಅಂಕಿಯೂ ಇರುತ್ತದೆ. ಆದರೆ ಈ ಅಂಕಿಯಿಂದ ಆ ಅಂಕಿ ಹೇಗೆ ಬಂತು ಅನ್ನುವುದು ಇರುವುದಿಲ್ಲ. ಕೇಳಿದರೆ "ಕಂಪ್ಯೂಟರ್ ಹಾಕೈತೆ" ಅನ್ನುತ್ತಾರೆ.

ಕಂಪ್ಯೂಟರ್ ತಾನಾಗಿ ಏನನ್ನೂ ಹಾಕುವುದಿಲ್ಲ. ಯಾರೋ ಒಬ್ಬರು ಒಂದು ಸೂತ್ರ ಬರೆದು ಎಲ್ಲೋ ಒಂದು ಕಡೆ ಇಟ್ಟಿರುತ್ತಾರೆ. ನನ್ನ ತಕರಾರು ಇರುವುದು ಆ 'ಎಲ್ಲೋ ಒಂದು ಕಡೆ' ಬಗ್ಗೆ.

ನಾನೀಗ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದಿಂದ ನಡೆದು ಹೋಗುವಷ್ಟು ದೂರದ ಒಂದು ರೂಮಿನಲ್ಲಿ. ನಮ್ಮ ಚಿಕ್ಕಪ್ಪ ಊರಿನ ಡೇರಿ ಕಮಿಟಿಯಲ್ಲಿ ಡೈರೆಕ್ಟರು. ಕಳೆದ ವರ್ಷ ಅವರು ವಾಟ್ಸಾಪ್‌ನಲ್ಲಿ ಒಂದು ಎಕ್ಸೆಲ್ ಫೈಲ್ ಕಳಿಸಿದರು. ಬಟವಾಡೆ ಲೆಕ್ಕಕ್ಕೆ ಡೇರಿಯವರು ಇಟ್ಟುಕೊಂಡಿದ್ದ ಫೈಲ್ ಅದು. ಊರಿನ ಹುಡುಗನೊಬ್ಬ ಬೆಂಗಳೂರಲ್ಲಿ ಎಕ್ಸೆಲ್ ಕೋರ್ಸ್ ಮಾಡಿ ಬಂದವನು, ಖುಷಿಗೆ ಮಾಡಿಕೊಟ್ಟಿದ್ದ. ಆಮೇಲೆ ಅವನಿಗೆ ಎಲ್ಲೋ ಕೆಲಸ ಸಿಕ್ಕಿತು, ಫೋನ್ ನಂಬರೂ ಬದಲಾಯಿತು. ಫೈಲಿಗೆ ಪಾಸ್‌ವರ್ಡ್ ಇದೆ.

"ಒಳಗೆ ಏನೈತೆ ಅಂತ ಸೆಕ್ರೆಟರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ ಕಣವ್ವ. ಅಂಕಿ ಹಾಕಿದ್ರೆ ದುಡ್ಡು ಬತ್ತದೆ ಅಷ್ಟೆ. ಒಸಿ ನೋಡಿ ಹೇಳು" ಅಂದರು ಚಿಕ್ಕಪ್ಪ.

ಹೀಗೆ ಒಳಗೇನಿದೆ ಗೊತ್ತಿಲ್ಲದ ಫೈಲುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಸ್ವಸಹಾಯ ಸಂಘದ ಬಡ್ಡಿ ಲೆಕ್ಕ, ಚೀಟಿ ವ್ಯವಹಾರದ ಲೆಕ್ಕ, ಟ್ರ್ಯಾಕ್ಟರ್ ಬಾಡಿಗೆ ಲೆಕ್ಕ, ಶಾಲೆಯ ಅಂಕಪಟ್ಟಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಕ್ಸೆಲ್‌ನಂಥ ಹಾಳೆಗಳು ಹುಟ್ಟಿದ್ದು 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಸಾಫ್ಟ್‌ವೇರ್‌ನಿಂದ. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್ಸ್‌ಟನ್ ಎಂಬಿಬ್ಬರು ಮಾಡಿದ್ದು. ಅದರ ಉಪಾಯ ಸರಳ. ಒಂದು ಸೆಲ್‌ನಲ್ಲಿ ಅಂಕಿ ಬರೆಯಬಹುದು, ಇಲ್ಲವೇ ಸೂತ್ರ ಬರೆಯಬಹುದು. ಸೂತ್ರ ಬರೆದರೆ ಮೇಲೆ ಉತ್ತರ ಕಾಣುತ್ತದೆ, ಸೆಲ್ ಒತ್ತಿದರೆ ಹಿಂದಿನ ಸೂತ್ರ ಕಾಣುತ್ತದೆ. ಉತ್ತರವೂ ಅದು ಬಂದ ದಾರಿಯೂ ಒಂದೇ ಜಾಗದಲ್ಲಿ ಸಿಗುತ್ತವೆ. ನನ್ನ ಪ್ರಕಾರ ಇಡೀ ಸ್ಪ್ರೆಡ್‌ಶೀಟಿನ ದೊಡ್ಡ ಗುಣವೇ ಇದು.

ಮ್ಯಾಕ್ರೋ ಬೇರೆ ಥರ. ಹಾಳೆಯ ಹಿಂದೆ ಕೂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ ಅದು. ಎಕ್ಸೆಲ್‌ನಲ್ಲಿ ಅದನ್ನು ಬರೆಯುವ ಭಾಷೆ ವಿಬಿಎ, 1993ರಿಂದ ಇದೆ. ಅದರಲ್ಲಿ 'ಇವ್ಯಾಲ್ಯುಯೇಟ್' ಅಂತ ಒಂದು ಆಜ್ಞೆ ಇದೆ. ಸೂತ್ರವನ್ನು ಬರೀ ಅಕ್ಷರಗಳ ಸಾಲಾಗಿ ಅದರ ಕೈಗೆ ಕೊಟ್ಟರೆ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ನಮ್ಮ ಹುಡುಗ ಮಾಡಿದ್ದೂ ಅದನ್ನೇ ಅಂತ ಕಾಣುತ್ತದೆ. ಫ್ಯಾಟ್ ಒಂದು ಕಡೆಯಿಂದ, ಡಿಗ್ರಿ ಒಂದು ಕಡೆಯಿಂದ, ದರ ಇನ್ನೊಂದು ಕಡೆಯಿಂದ ತಂದು, ಮಧ್ಯೆ ಕೂಡು ಗುಣಿಸು ಚಿಹ್ನೆ ಹಾಕಿ ಸಾಲು ಕಟ್ಟಿ, ಬಂದ ಉತ್ತರವನ್ನು ಮಾತ್ರ ಸೆಲ್‌ನಲ್ಲಿ ಇಡುವುದು. ಕಟ್ಟಿದ ಸೂತ್ರ ಅಲ್ಲೇ ಕರಗಿ ಹೋಗುತ್ತದೆ. ಸೆಲ್ ಒತ್ತಿ ನೋಡಿದರೆ ಅಂಕಿ ಬಿಟ್ಟು ಬೇರೇನೂ ಇಲ್ಲ.

ಹುಡುಗನ ಜಾಣತನಕ್ಕೆ ಮೆಚ್ಚಬೇಕು. ದರ ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು, ನೂರೈವತ್ತು ಜನರ ಲೆಕ್ಕ ಒಂದು ಗುಂಡಿ ಒತ್ತಿದರೆ ಮುಗಿಯುತ್ತದೆ. ಸೆಕ್ರೆಟರಿಗೆ ನಿಜವಾಗಿ ಅನುಕೂಲ ಆಗಿದೆ. ಆದರೆ ಹಾಲು ಹಾಕುವವರಿಗೆ ನೋಡುವ ದಾರಿ ಮುಚ್ಚಿತು. ಇನ್ನೊಂದು ತಮಾಷೆ ಅಂದರೆ ಫೋನಿನ ಎಕ್ಸೆಲ್‌ನಲ್ಲಿ ಈ ಮ್ಯಾಕ್ರೋಗಳು ಓಡುವುದೇ ಇಲ್ಲ. ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ವೈರಸ್ ಭಯಕ್ಕೆ ಮೈಕ್ರೋಸಾಫ್ಟ್ 2022ರಿಂದ ಕಂಪ್ಯೂಟರಿನಲ್ಲೂ ತಾನಾಗಿ ತಡೆಯುತ್ತದೆ. ಊರಲ್ಲಿ ಎಲ್ಲರ ಕೈಯಲ್ಲೂ ಇರುವುದು ಫೋನು, ಲೆಕ್ಕ ಕೂತಿರುವುದು ಫೋನಿನಲ್ಲಿ ಓಡದ ಜಾಗದಲ್ಲಿ.

ಸೂತ್ರದಲ್ಲಿ ಅಷ್ಟು ನೋಡುವಂಥದ್ದೇನಿದೆ ಅನ್ನಬಹುದು. ಇದೆ. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ. ಪ್ರೋಟೀನು, ಹಾಲಿನ ಸಕ್ಕರೆ, ಖನಿಜಾಂಶ ಎಲ್ಲ ಸೇರಿ. ಲ್ಯಾಕ್ಟೋಮೀಟರ್ ಇಟ್ಟು ನೋಡುವ ಕಡೆ ಅದನ್ನು ನೇರವಾಗಿ ಅಳೆಯುವುದಿಲ್ಲ. ಡಿಗ್ರಿ ನೋಡಿ, ಹಾಲಿನ ಬಿಸಿಗೆ ತಕ್ಕಂತೆ ತಿದ್ದಿ, ಫ್ಯಾಟ್ ಜೊತೆ ಸೇರಿಸಿ ಸೂತ್ರದಿಂದ ತೆಗೆಯುತ್ತಾರೆ. ಈ ದಾರಿ ಹಾಕಿದವರು ಇಂಗ್ಲೆಂಡಿನ ಡೇರಿ ರಸಾಯನಶಾಸ್ತ್ರಜ್ಞ ರಿಚ್‌ಮಂಡ್. ನಮ್ಮ ದೇಶದ 1982ರ ಭಾರತೀಯ ಮಾನಕದಲ್ಲಿ ಸೂತ್ರ ಹೀಗಿದೆ:

ಎಸ್‌ಎನ್‌ಎಫ್ = (ಡಿಗ್ರಿ ÷ 4) + (0.25 × ಫ್ಯಾಟ್) + 0.44

ಡೇರಿ ಪಠ್ಯಗಳಲ್ಲಿ, ಇಂಟರ್‌ನೆಟ್‌ನಲ್ಲಿ ಇನ್ನೊಂದು ರೂಪವೂ ಧಾರಾಳವಾಗಿ ಸಿಗುತ್ತದೆ:

ಎಸ್‌ಎನ್‌ಎಫ್ = (ಡಿಗ್ರಿ ÷ 4) + (0.2 × ಫ್ಯಾಟ್) + 0.36

ಎರಡೂ ಸುಳ್ಳಲ್ಲ. ಲ್ಯಾಕ್ಟೋಮೀಟರ್‌ಗಳನ್ನು ಬೇರೆ ಬೇರೆ ಉಷ್ಣಾಂಶಕ್ಕೆ ಗುರುತು ಹಾಕಿ ಮಾಡಿರುತ್ತಾರೆ, ಅದಕ್ಕೆ ತಕ್ಕಂತೆ ಕೊನೆಯ ಅಂಕಿ ಬದಲಾಗುತ್ತದೆ. ಭಾರತೀಯ ಮಾನಕದ್ದು 27 ಡಿಗ್ರಿ ಸೆಲ್ಸಿಯಸ್‌ನ ಲ್ಯಾಕ್ಟೋಮೀಟರಿಗೆ. ಯಾವ ಕೊಳವೆಗೆ ಯಾವ ಸೂತ್ರ ಅನ್ನುವುದು ಹೊಂದಬೇಕು.

ಹೊಂದದಿದ್ದರೆ ಏನಾಗುತ್ತದೆ ನೋಡಿ. ಫ್ಯಾಟ್ 3.5, ಡಿಗ್ರಿ 28 ಇರುವ ಹಸುವಿನ ಹಾಲು ತೆಗೆದುಕೊಳ್ಳಿ. ಮೊದಲ ಸೂತ್ರದಲ್ಲಿ 7 + 0.875 + 0.44, ಅಂದರೆ 8.315. ಎರಡನೆಯದರಲ್ಲಿ 7 + 0.7 + 0.36, ಅಂದರೆ 8.06. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ ಫ್ಯಾಟ್ 3.2, ಎಸ್‌ಎನ್‌ಎಫ್ 8.3. ಅದೇ ಹಸು, ಅದೇ ಹಾಲು. ಒಂದು ಸೂತ್ರದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಸಾಲಿನಲ್ಲಿ ನಿಂತ ಹೆಂಗಸಿಗೆ "ನಿಮ್ಮ ಹಾಲಲ್ಲಿ ಡಿಗ್ರಿ ಇಲ್ಲ, ನೀರು ಸೇರೈತೆ" ಅನ್ನುವ ಮಾತು ಕೇಳಿಸುವುದು ಇಂಥ ಕಡೆಯೇ. ದುಡ್ಡಿಗಿಂತ ಆ ಮಾತು ಹೆಚ್ಚು ನೋಯಿಸುತ್ತದೆ.

ದುಡ್ಡಿನ ಲೆಕ್ಕವನ್ನೂ ಹಾಕೋಣ. ಒಂದು ಕೆಜಿ ಎಸ್‌ಎನ್‌ಎಫ್‌ಗೆ 250 ರೂಪಾಯಿ ಅಂತ ಸುಮ್ಮನೆ ಇಟ್ಟುಕೊಳ್ಳಿ, ನಿಮ್ಮ ಒಕ್ಕೂಟದ ದರ ಬೇರೆ ಇರಬಹುದು. 0.255ರ ವ್ಯತ್ಯಾಸ ಅಂದರೆ ಕೆಜಿ ಹಾಲಿಗೆ ಸುಮಾರು 64 ಪೈಸೆ. ದಿನಕ್ಕೆ ಹತ್ತು ಕೆಜಿ ಹಾಲು ಹಾಕುವವರಿಗೆ ವರ್ಷಕ್ಕೆ 2,300 ರೂಪಾಯಿ ಚಿಲ್ಲರೆ. ಫೀಡ್ ಮೂಟೆ ತರುವವರಿಗೆ ಇದು ಸಣ್ಣ ದುಡ್ಡಲ್ಲ.

ಪಾಸ್‌ವರ್ಡ್ ಇಲ್ಲದೆ ನಾವು ಒಳಗಿನ ಸೂತ್ರ ಕಂಡುಹಿಡಿದದ್ದು ಹೇಗೆ ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಫೈಲ್ ತೆರೆದು ಮ್ಯಾಕ್ರೋಗೆ ಅನುಮತಿ ಕೊಟ್ಟೆ. ಫ್ಯಾಟ್ 0, ಡಿಗ್ರಿ 0 ಅಂತ ಹಾಕಿದೆ. ಅಂಥ ಹಾಲು ಲೋಕದಲ್ಲಿಲ್ಲ, ಆದರೆ ಮ್ಯಾಕ್ರೋಗೆ ಅದು ಗೊತ್ತಿಲ್ಲವಲ್ಲ. ಉತ್ತರ 0.36 ಬಂತು. ಕೊನೆಯ ಅಂಕಿ ಸಿಕ್ಕಿತು. ಫ್ಯಾಟ್ 1 ಮಾಡಿದೆ, 0.56 ಬಂತು. ಅಂದರೆ ಫ್ಯಾಟ್‌ಗೆ 0.2. ಫ್ಯಾಟ್ ಮತ್ತೆ ಸೊನ್ನೆ ಮಾಡಿ ಡಿಗ್ರಿ 4 ಹಾಕಿದೆ, 1.36. ಅಂದರೆ ಡಿಗ್ರಿಯ ಕಾಲುಭಾಗ. ಫೋನಿನಲ್ಲಿ ಚಿಕ್ಕಪ್ಪ ಕಾಯುತ್ತಿದ್ದಾಗಲೇ ಮುಗಿಯಿತು. ಡೇರಿಯಲ್ಲಿರುವ ಲ್ಯಾಕ್ಟೋಮೀಟರ್ ಮೇಲೆ ಏನು ಬರೆದಿದೆ ಓದಿ ಅಂದೆ. 27 ಅಂತ ಇತ್ತು.

ಮೋಸ ಅಂತ ನಾನು ಹೇಳುತ್ತಿಲ್ಲ. ಹುಡುಗ ಇಂಟರ್‌ನೆಟ್‌ನಲ್ಲಿ ಮೊದಲು ಸಿಕ್ಕ ಸೂತ್ರ ಹಾಕಿದ್ದಾನೆ, ಅಷ್ಟೇ ಇರಬೇಕು. ಆದರೆ ಸೂತ್ರ ಕಣ್ಣಿಗೆ ಕಾಣುವ ಹಾಗಿದ್ದಿದ್ದರೆ ಡೇರಿಗೆ ಬರುವ ವಿಸ್ತರಣಾಧಿಕಾರಿಯೋ, ಊರಿನ ಹೈಸ್ಕೂಲ್ ಮೇಷ್ಟ್ರೋ ಯಾವತ್ತೋ ನೋಡಿ ಕೇಳುತ್ತಿದ್ದರು.

ಫೈಲೂ ಕೈಗೆ ಸಿಗದಿದ್ದರೆ? ಚೀಟಿ ಸಾಕು. ಡಿಗ್ರಿ ಒಂದೇ ಇದ್ದು ಫ್ಯಾಟ್ ಬೇರೆ ಇರುವ ಎರಡು ಚೀಟಿ ಹುಡುಕಿ. ಒಂದರಲ್ಲಿ ಫ್ಯಾಟ್ 3.5, ಎಸ್‌ಎನ್‌ಎಫ್ 8.06, ಇನ್ನೊಂದರಲ್ಲಿ ಫ್ಯಾಟ್ 4.5, ಎಸ್‌ಎನ್‌ಎಫ್ 8.26 ಅಂತಿಟ್ಟುಕೊಳ್ಳಿ. ಫ್ಯಾಟ್ ಒಂದು ಹೆಚ್ಚಾದಾಗ ಎಸ್‌ಎನ್‌ಎಫ್ 0.2 ಹೆಚ್ಚಾಯಿತು. ಫ್ಯಾಟ್‌ನ ಪಾಲು ಸಿಕ್ಕಿತು. ಅದನ್ನೂ ಡಿಗ್ರಿಯ ಕಾಲುಭಾಗವನ್ನೂ ಕಳೆದರೆ ಉಳಿಯುವುದೇ ಕೊನೆಯ ಅಂಕಿ. ಹತ್ತನೇ ತರಗತಿಯ ಗಣಿತದಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಅಂತ ಕಲಿಸುತ್ತಾರಲ್ಲ, ಅದೇ ಇದು. ಪರೀಕ್ಷೆಗೆ ಪೆನ್ನು ಪೆನ್ಸಿಲ್ ಬೆಲೆಯ ಲೆಕ್ಕ ಮಾಡಿ ಮಾಡಿ ಸಾಕಾದ ಮಕ್ಕಳಿಗೆ ಮನೆಯ ಹಾಲಿನ ಚೀಟಿ ಕೊಟ್ಟು ನೋಡಿ. ಚೀಟಿಯಲ್ಲಿ ಒಂದೇ ದಶಮಾಂಶ ಮುದ್ರಿಸಿದ್ದರೆ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೆ ಫ್ಯಾಟ್ ತುಂಬಾ ದೂರ ಇರುವ ಚೀಟಿಗಳನ್ನು ಆರಿಸಿಕೊಳ್ಳಬೇಕು. ಯಂತ್ರವೇ ಎಸ್‌ಎನ್‌ಎಫ್ ಅಳೆಯುವ ಡೇರಿಗಳಲ್ಲಿ ಈ ಲೆಕ್ಕ ಇಷ್ಟು ನೇರವಾಗಿ ಕೂರುವುದಿಲ್ಲ. ಅಲ್ಲಿ ಕೇಳಬೇಕಾದ್ದು ಯಂತ್ರವನ್ನು ಕೊನೆಯ ಬಾರಿ ಯಾವಾಗ, ಯಾವ ಹಾಲಿಟ್ಟು ಸರಿಪಡಿಸಿದ್ದೀರಿ ಅಂತ. ಆದರೆ ಎಸ್‌ಎನ್‌ಎಫ್‌ನಿಂದ ದರ ತೆಗೆಯುವ ಲೆಕ್ಕ ಅಲ್ಲೂ ಸೂತ್ರವೇ.

ಸೂತ್ರ ಸರಿಯಿದ್ದರೂ ಮ್ಯಾಕ್ರೋ ಒಳಗೆ ಇನ್ನೊಂದು ಜಾಗದಲ್ಲಿ ಪೈಸೆ ಜಾರುತ್ತದೆ. ಲೀಟರಿಗೆ 34.125 ರೂಪಾಯಿ ಬಂತು ಅನ್ನಿ. ಪೈಸೆಗೆ ಸರಿಮಾಡಬೇಕು. ಹಾಳೆಯ ಸೆಲ್‌ನಲ್ಲಿ 'ರೌಂಡ್' ಸೂತ್ರ ಬರೆದರೆ 34.13 ಕೊಡುತ್ತದೆ. ವಿಬಿಎ ಮ್ಯಾಕ್ರೋ ಒಳಗೆ ಅದೇ ಹೆಸರಿನ 'ರೌಂಡ್' ಬರೆದರೆ 34.12. ಯಾಕೆಂದರೆ ಸರಿಯಾಗಿ ಅರ್ಧಕ್ಕೆ ಬಂದಾಗ ವಿಬಿಎ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಬ್ಯಾಂಕರ್ ಪದ್ಧತಿ ಅನ್ನುತ್ತಾರೆ. ಅದೂ ತಪ್ಪಲ್ಲ, ದೊಡ್ಡ ಲೆಕ್ಕಗಳಲ್ಲಿ ಒಂದೇ ಕಡೆ ವಾಲದಿರಲಿ ಅಂತ ಇಟ್ಟಿರುವ ಪದ್ಧತಿ. ಆದರೆ ಮನೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತವರಿಗೂ ಡೇರಿಗೂ ಒಂದು ಪೈಸೆ ತಾಳೆಯಾಗುವುದಿಲ್ಲ, ಜಗಳ ಶುರುವಾಗುತ್ತದೆ.

ಮೈನಸ್ ಚಿಹ್ನೆಯದ್ದು ಇನ್ನೂ ವಿಚಿತ್ರ. ಸೆಲ್‌ನಲ್ಲಿ =-2^2 ಅಂತ ಬರೆದರೆ ಎಕ್ಸೆಲ್ 4 ಅನ್ನುತ್ತದೆ. ಅದನ್ನೇ ಮ್ಯಾಕ್ರೋದಲ್ಲಿ ನೇರವಾಗಿ ಬರೆದರೆ -4. ಅಕ್ಷರದ ಸಾಲು ಮಾಡಿ 'ಇವ್ಯಾಲ್ಯುಯೇಟ್' ಕೈಗೆ ಕೊಟ್ಟರೆ ಮತ್ತೆ 4. ಶಾಲೆಯಲ್ಲಿ ಕಲಿತದ್ದು -4. ಹಾಲಿನ ಲೆಕ್ಕದಲ್ಲಿ ವರ್ಗ ಬರುವುದಿಲ್ಲ, ಬಿಡಿ. ಆದರೆ ಒಂದೇ ಬರಹಕ್ಕೆ ಒಂದೇ ಸಾಫ್ಟ್‌ವೇರ್ ಎರಡು ಉತ್ತರ ಕೊಡುವಾಗ, "ಕಂಪ್ಯೂಟರ್ ಹಾಕೈತೆ" ಅನ್ನುವ ಮಾತಿಗೆ ಎಷ್ಟು ತೂಕ ಅಂತ ನೀವೇ ಹೇಳಿ.

ಸೂತ್ರ ತೆರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹೊರದೇಶದ ಒಂದು ಸಂಗತಿ ಹೇಳಬೇಕು. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಅಮೆರಿಕದ ದೊಡ್ಡ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ದೇಶದ ಸಾಲ ಅದರ ಒಟ್ಟು ಉತ್ಪನ್ನದ ಶೇ. 90 ದಾಟಿದರೆ ಬೆಳವಣಿಗೆ ಬೀಳುತ್ತದೆ ಅಂತ. ಖರ್ಚು ಕಡಿತ ಮಾಡಬೇಕು ಅನ್ನುವ ರಾಜಕಾರಣಿಗಳು ಅದನ್ನೇ ಹಿಡಿದು ಮಾತಾಡಿದರು. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ಎಷ್ಟು ಲೆಕ್ಕ ಹಾಕಿದರೂ ಆ ಉತ್ತರ ಬರಲಿಲ್ಲ. ಹಾಳೆ ಕೊಡಿ ಅಂತ ಕೇಳಿದ, ಅವರು ಕೊಟ್ಟರು. ಸೆಲ್ ಒತ್ತಿ ನೋಡಿದರೆ 20 ದೇಶಗಳ ಸರಾಸರಿ ತೆಗೆಯಬೇಕಾದ ಸೂತ್ರ 15ನೇ ಸಾಲಿಗೇ ನಿಂತಿತ್ತು. ಐದು ದೇಶ ಹೊರಗೆ ಉಳಿದಿದ್ದವು. ಬೇರೆ ತಕರಾರುಗಳೂ ಇದ್ದವು, 2013ರಲ್ಲಿ ಎಲ್ಲ ಬಯಲಾಯಿತು. ಅಂಥ ಪಂಡಿತರ ಲೆಕ್ಕವನ್ನೇ ಒಬ್ಬ ವಿದ್ಯಾರ್ಥಿ ತಿದ್ದಲು ಆದದ್ದು ಅವರು ಹಾಳೆ ಕೊಟ್ಟಿದ್ದರಿಂದ, ಸೂತ್ರ ಸೆಲ್‌ನಲ್ಲೇ ಇದ್ದದ್ದರಿಂದ.

ಅಷ್ಟು ದೂರ ಯಾಕೆ, ನಾನಿರುವ ಹನುಮಂತನಗರದ ಮನೆ ಓನರ್ ಅಂಕಲ್ ತಮ್ಮ ಮನೆಗಂದಾಯವನ್ನು ತಾವೇ ಹಾಕಿ ನೋಡುತ್ತಾರೆ. ಬಿಬಿಎಂಪಿ 2008ರಲ್ಲಿ ಸ್ವಯಂ ಘೋಷಣೆಯ ಪದ್ಧತಿ ತಂದಾಗ ಸೂತ್ರವನ್ನು ಅಕ್ಷರಗಳಲ್ಲೇ ಕೈಪಿಡಿಯಲ್ಲಿ ಅಚ್ಚು ಹಾಕಿತು. ಅಡಿಗೆ ಇಷ್ಟು ದರ, ಹತ್ತು ತಿಂಗಳಿಗೆ ಗುಣಿಸಿ, ಮನೆ ಹಳೆಯದಾದಷ್ಟೂ ಸವಕಳಿ ಕಳೆಯಿರಿ, ಉಳಿದದ್ದರಲ್ಲಿ ವಾಸದ ಮನೆಗೆ ಶೇ. 20 ತೆರಿಗೆ, ತೆರಿಗೆಯ ಮೇಲೆ ಶೇ. 24 ಸೆಸ್. ಸಾವಿರ ಅಡಿ ಮನೆಗೆ ಅಡಿಗೆ ಎರಡು ರೂಪಾಯಿ, ಸವಕಳಿ ಶೇ. 30 ಅಂತ ಇಟ್ಟುಕೊಂಡರೆ 20,000, ಅದರಲ್ಲಿ 6,000 ಕಳೆದು 14,000, ತೆರಿಗೆ 2,800, ಸೆಸ್ 672, ಒಟ್ಟು 3,472. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಅದು ಬೇರೆ ಕತೆ. ದರದ ಬಗ್ಗೆ ಇಲ್ಲಿನವರಿಗೆ ನೂರು ತಕರಾರಿರಬಹುದು, ಆದರೆ ಯಾವುದರ ಮೇಲೆ ತಕರಾರು ಮಾಡಬೇಕು ಅನ್ನುವುದು ಗೊತ್ತಿದೆ. ನಗರದ ಮನೆ ಯಜಮಾನನಿಗೆ ಸಿಕ್ಕ ಈ ಮರ್ಯಾದೆ ಹಳ್ಳಿಯಲ್ಲಿ ಹಸು ಕಟ್ಟಿದವಳಿಗೆ ಸಿಗಬಾರದೇ?

ಇದು ಹೊಸ ಆಸೆಯೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಹೆಸರೇ ಹೇಳುವಂತೆ ಕೊಡುಕೊಳ್ಳುವ ಲೆಕ್ಕದ ಸೂತ್ರಗಳು, ಸಂಸ್ಕೃತ ಬಾರದವರ ಬಾಯಿಗೂ ಬರಲಿ ಅಂತ.

ಸೆಕ್ರೆಟರಿಗಳ ಮಾತನ್ನೂ ಕೇಳಬೇಕು. "ಬೀಗ ತೆಗೆದ್ರೆ ಯಾರಾರ ಬಂದು ಒಂದು ಅಂಕಿ ತಿದ್ದಿಬಿಟ್ರೆ ನನ್ನ ತಲೆಗೆ ಬತ್ತದೆ" ಅನ್ನುತ್ತಾರೆ. ನ್ಯಾಯವಾದ ಭಯ. ಇದಕ್ಕೆ ಎಕ್ಸೆಲ್‌ನಲ್ಲೇ ದಾರಿ ಇದೆ. ಸೆಲ್‌ಗೆ 'ಲಾಕ್ಡ್', 'ಹಿಡನ್' ಅಂತ ಎರಡು ಬೇರೆ ಬೇರೆ ಗುರುತುಗಳಿವೆ. ಮೊದಲನೆಯದನ್ನು ಮಾತ್ರ ಹಾಕಿ ಹಾಳೆಗೆ ರಕ್ಷಣೆ ಕೊಟ್ಟರೆ ಯಾರೂ ತಿದ್ದಲಾಗುವುದಿಲ್ಲ, ಆದರೆ ಎಲ್ಲರೂ ಸೂತ್ರ ನೋಡಬಹುದು. ಮ್ಯಾಕ್ರೋ ಬೇಡವೇ ಬೇಡ ಅಂತಲೂ ನಾನು ಹೇಳುವುದಿಲ್ಲ. ಚೀಟಿ ಮುದ್ರಿಸಲಿ, ಹೆಸರು ಜೋಡಿಸಲಿ, ತಿಂಗಳ ಹಾಳೆ ಬೇರೆ ಮಾಡಲಿ. ಜನರ ದುಡ್ಡು ತೀರ್ಮಾನಿಸುವ ಸೂತ್ರ ಮಾತ್ರ ಸೆಲ್‌ನಲ್ಲಿ ಇರಲಿ. 0.25, 0.44ರಂಥ ಅಂಕಿಗಳನ್ನೂ ಸೂತ್ರದ ಹೊಟ್ಟೆಯೊಳಗೆ ಹೂಳದೆ, ಪಕ್ಕದ ಸೆಲ್‌ಗಳಲ್ಲಿ ಕನ್ನಡದ ಹೆಸರು ಬರೆದು ಇಡಬೇಕು.

ಫೋನಿನಲ್ಲೇ ನಿಮ್ಮದೊಂದು ಹಾಳೆ ಮಾಡಿಕೊಳ್ಳಲು ಹತ್ತು ನಿಮಿಷ ಸಾಕು. ಗೂಗಲ್ ಶೀಟ್ಸ್ ತೆರೆದು ಎರಡನೇ ಸಾಲಿನ ಮೊದಲ ಸೆಲ್‌ನಲ್ಲಿ ಫ್ಯಾಟ್, ಎರಡನೆಯದರಲ್ಲಿ ಡಿಗ್ರಿ ಹಾಕಿ. ಮೂರನೆಯದರಲ್ಲಿ ಮೊದಲು ಸಮ ಚಿಹ್ನೆ ಒತ್ತಿ, ಆಮೇಲೆ ಡಿಗ್ರಿಯ ಸೆಲ್ ಮುಟ್ಟಿ ಭಾಗಿಸು 4, ಕೂಡು 0.25 ಗುಣಿಸು ಫ್ಯಾಟ್‌ನ ಸೆಲ್, ಕೂಡು 0.44. ಭಾಗಿಸಲು ಓರೆಗೆರೆ, ಗುಣಿಸಲು ನಕ್ಷತ್ರ ಚಿಹ್ನೆ. ಮ್ಯಾಕ್ರೋ ಬೇಕಿಲ್ಲ. ನಾಲ್ಕನೆಯದರಲ್ಲಿ ಡೇರಿ ಚೀಟಿಯ ಎಸ್‌ಎನ್‌ಎಫ್ ಹಾಕಿದರೆ ವ್ಯತ್ಯಾಸ ಕಣ್ಣೆದುರಿಗೇ ಇರುತ್ತದೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳುತ್ತೇವೆ ಅಂತ ಕೆಲವರು ಅಂದುಕೊಳ್ಳಬಹುದು. ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಸರ್ಕಾರದ ಗಣನೀಯ ಹಣಕಾಸು ಅಥವಾ ಹಿಡಿತ ಇಲ್ಲದ ಸಹಕಾರ ಸಂಘಗಳು ಆ ಕಾಯ್ದೆಯ ಕೆಳಗೆ ನೇರವಾಗಿ ಬರುವುದಿಲ್ಲ ಅಂತ ಹೇಳಿದೆ. ಹಾಗಾಗಿ ಆ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ಆದರೆ ನೀವು ಸಂಘದ ಷೇರುದಾರರು. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಅರ್ಜಿ ಬೇಕಾಗಿಲ್ಲ. ಯಾವ ಸೂತ್ರ, ಯಾವ ಲ್ಯಾಕ್ಟೋಮೀಟರ್, ಪೈಸೆಯನ್ನು ಹೇಗೆ ಸರಿಮಾಡುತ್ತೀರಿ. ಮೂರು ಪ್ರಶ್ನೆಗಳ ಉತ್ತರವನ್ನು ದರದ ಪಟ್ಟಿಯ ಪಕ್ಕದಲ್ಲೇ ಬಣ್ಣದಲ್ಲಿ ಬರೆಸಿ ಅನ್ನಿ, ನಡಾವಳಿ ಪುಸ್ತಕದಲ್ಲೂ ದಾಖಲಿಸಿ ಅನ್ನಿ.

ನಮ್ಮೂರಲ್ಲಿ ಚಿಕ್ಕಪ್ಪ ಈ ವಿಷಯ ಕಮಿಟಿ ಮುಂದೆ ಇಟ್ಟಿದ್ದಾರೆ. ಒಕ್ಕೂಟದವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರಂತೆ. ಇನ್ನೂ ಹೇಳಿಲ್ಲ. ಅಲ್ಲಿಯವರೆಗೆ ಚಿಕ್ಕಮ್ಮ ಚೀಟಿಗಳನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದಾರೆ. ನೀವೂ ಕೂಡಿಡುವುದಾದರೆ ಬಂದ ದಿನವೇ ಫೋಟೊ ತೆಗೆದುಬಿಡಿ, ಆ ಕಾಗದದ ಮೇಲಿನ ಅಂಕಿ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ.